ಬೀರುನಲ್ಲಿ ಅವರ ಬೆಳ್ಳಿ ರೂಪಾಯಿ, ಬ್ಯಾಂಕಲ್ಲಿ ನನ್ನ ಬಳೆ: ಏನ್ ಮಾಡ್ಲಿ ಸರ್?

ಪ್ರಶ್ನೆ: ಸರ್, ನಮ್ಮನೆಯವರಿಗೆ ಹಳೇ ನಾಣ್ಯ ಸೇರಿಸೋ ಹುಚ್ಚು. 22 ವರ್ಷದಿಂದ ಮಾಡ್ತಿದಾರೆ. ಸಂಬಳ ಕೈಗೆ 52 ಸಾವಿರ ಬರುತ್ತೆ, ನಾನು ಮನೇಲಿ ಟೈಲರಿಂಗ್ ಮಾಡಿ 6-7 ಸಾವಿರ ನೋಡ್ಕೋತೀನಿ. ಈ ವರ್ಷ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ತು, ವರ್ಷಕ್ಕೆ 1.35 ಲಕ್ಷ ಫೀಸು. ಕೈಯಲ್ಲಿ ದುಡ್ಡಿರ್ಲಿಲ್ಲ, ತವರಿನವರು ಹಾಕಿದ್ದ ನನ್ನ 4 ಬಳೆ ಅಡ ಇಟ್ಟು ಕಟ್ಟಿದ್ವಿ. ಅದಾಗಿ 20 ದಿನಕ್ಕೆ ಅವರ ಪ್ಯಾಂಟ್ ಜೇಬಲ್ಲಿ ಒಂದು ಬಿಲ್ ಸಿಕ್ತು, 38 ಸಾವಿರದ ಒಂದು ಕಾಯಿನ್. ಕೇಳಿದ್ರೆ "ಇದು ಖರ್ಚಲ್ಲ ಕಣೇ, ಫಿಕ್ಸೆಡ್ ಡೆಪಾಸಿಟ್ ಇದ್ದ ಹಾಗೆ, ಎಲ್ಲಾ ಸೇರಿ 8 ಲಕ್ಷ ಆಗುತ್ತೆ" ಅಂತಾರೆ. ತಿಂಗಳು ತಿಂಗಳು ನಾಲ್ಕೂವರೆ ಸಾವಿರ ಅದಕ್ಕೇ ಹೋಗುತ್ತೆ. ಬೆಳ್ಳಿ ರೂಪಾಯಿಯೇ 140 ಇವೆ, ಟಿಪ್ಪು ಕಾಲದ ತಾಮ್ರದ್ದು 30, ಮೂರು ವರಹ, ಸರ್ಕಾರದ ಟಂಕಸಾಲೆಯಿಂದ (ನಾಣ್ಯ ಅಚ್ಚು ಹಾಕೋ ಕಡೆ) ತರಿಸಿದ ಡಬ್ಬಿ ಸೆಟ್ಟುಗಳು, ಒಂದು 1939ರ ರೂಪಾಯಿ. ಎಲ್ಲಾ ಮಾರಿಸ್ಬೋದಾ? ನಿಜವಾಗ್ಲೂ 8 ಲಕ್ಷ ಬರುತ್ತಾ? ಇದನ್ನೇ ಬ್ಯಾಂಕಲ್ಲಿ ಇಟ್ಟು ಸಾಲ ತಗೋಬೋದಾ? ನನ್ನ ತಮ್ಮ ವಿಡಿಯೋ ನೋಡಿ ಟ್ರ್ಯಾಕ್ಟರ್ ಇರೋ 5 ರೂಪಾಯಿ ನೋಟಿಗೇ ಲಕ್ಷಗಟ್ಲೆ ಕೊಡ್ತಾರಂತೆ ಅಂತಾನೆ. ಜಗಳ ಆಡಿ ಆಡಿ ಸಾಕಾಗಿದೆ. (ದಾವಣಗೆರೆ ಕಡೆಯ ಒಬ್ಬ ಓದುಗರು)

ಉತ್ತರ: ಮೇಡಂ, ಮೊದಲೇ ಹೇಳಿಬಿಡ್ತೀನಿ, ನಾನು ಹಣಕಾಸು ಸಲಹೆ ಕೊಡೋನೂ ಹೌದು, ನಾಣ್ಯ ಸೇರಿಸೋನೂ ಹೌದು. ನಾನೂ ಒಂದು ಕಾಲದಲ್ಲಿ ಬಿಲ್ಲುಗಳನ್ನ ಸ್ಕೂಟರ್ ಡಿಕ್ಕಿಯಲ್ಲಿ ಬಚ್ಚಿಟ್ಟೋನೇ, ಹಾಗಾಗಿ ನಿಮ್ಮನೆಯವರ ಬಗ್ಗೆ ಸ್ವಲ್ಪ ಮೆತ್ತಗೆ ಮಾತಾಡಿದ್ರೆ ಬೇಜಾರು ಮಾಡ್ಕೋಬೇಡಿ. ಆದ್ರೆ ಬಳೆ ಅಡ ಇಟ್ಟು 20 ದಿನಕ್ಕೆ 38 ಸಾವಿರದ ಕಾಯಿನ್ ತಂದಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಪತ್ರ ಓದಿದ್ರೆ ನಿಮಗೆ ನಾಣ್ಯದ ಮೇಲೆ ಅಷ್ಟೇನೂ ಸಿಟ್ಟಿದ್ದ ಹಾಗಿಲ್ಲ, 22 ವರ್ಷ ಸುಮ್ನಿದ್ರಲ್ಲ. ನಿಮ್ಮ ಒಡವೆ ಬ್ಯಾಂಕಿಗೆ ಹೋಯ್ತು, ಅವರದ್ದು ಬೀರುನಲ್ಲೇ ಉಳೀತು, ಮೇಲಿಂದ ಇನ್ನೊಂದು ಬಂತು, ನೋವಾಗಿರೋದು ಅದು. ಅದಕ್ಕೇ ನನ್ನ ಲೆಕ್ಕ ಪೂರ್ತಿ ಬಳೆಯಿಂದ್ಲೇ ಶುರುವಾಗುತ್ತೆ.

ಅದಕ್ಕೆ ಮುಂಚೆ ತಮ್ಮನ ವಿಷಯ ಮುಗಿಸ್ತೀನಿ. ಟ್ರ್ಯಾಕ್ಟರ್ ನೋಟಿಗೆ ಲಕ್ಷ, 786 ನಂಬರಿನ ನೋಟಿಗೆ ಲಕ್ಷ, ವೈಷ್ಣೋದೇವಿ ಚಿತ್ರ ಇರೋ 5-10 ರೂಪಾಯಿ ಕಾಯಿನ್‌ಗೆ ಲಕ್ಷ, ಎಲ್ಲಾ ಬೊಗಳೆ. ವೈಷ್ಣೋದೇವಿ ಕಾಯಿನ್ 2012ರದ್ದು, ಚಲಾವಣೆಗೆ ಅಂತಾನೇ ಬಿಟ್ಟಿದ್ದು, ನನ್ನ ಹತ್ರ ಒಂದು ಡಬ್ಬಿ ತುಂಬ ಇದೆ ಯಾರೂ ಕೇಳಲ್ಲ. ಈ ವಿಡಿಯೋದವರ ಆಟ ಏನಂದ್ರೆ, ನಿಮ್ಮ ನೋಟಿನ ಫೋಟೋ ತರಿಸ್ಕೊಂಡು "ಸೆಲೆಕ್ಟ್ ಆಗಿದೆ" ಅಂತಾರೆ, ಆಮೇಲೆ ರಿಜಿಸ್ಟ್ರೇಷನ್ ಫೀಸು, ಜಿಎಸ್‌ಟಿ, ರಿಸರ್ವ್ ಬ್ಯಾಂಕ್ ಪರ್ಮಿಷನ್ನು ಅಂತ ಒಂದೊಂದೇ ಕೀಳ್ತಾ ಹೋಗ್ತಾರೆ. 2021ರ ಆಗಸ್ಟಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟು ನಾವು ಇಂಥ ವ್ಯವಹಾರ ಮಾಡಲ್ಲ, ಯಾರಿಗೂ ಕಮಿಷನ್ ಕೇಳೋಕೆ ಅಧಿಕಾರ ಕೊಟ್ಟಿಲ್ಲ ಅಂತ ಹೇಳಿದೆ. ಮಾರೋನು ಮುಂಗಡ ದುಡ್ಡು ಕೊಡೋ ವ್ಯಾಪಾರ ಎಲ್ಲೂ ಇಲ್ಲ, ಇಷ್ಟು ತಮ್ಮನಿಗೆ ಹೇಳಿ ಸಾಕು.

ಈಗ ಆ 8 ಲಕ್ಷ. ನಿಮ್ಮನೆಯವರು ಸುಳ್ಳು ಹೇಳ್ತಿಲ್ಲ, ಆದ್ರೆ ಅವರು ಕೂಡಿರೋದು ಕ್ಯಾಟಲಾಗ್ ಪುಸ್ತಕದ ಬೆಲೆ ಇರ್ಬೇಕು, ಅಥವಾ ಹರಾಜಲ್ಲಿ ಯಾರೋ ಯಾವುದೋ ಒಂದು ಒಳ್ಳೇ ಪೀಸಿಗೆ ಕೊಟ್ಟ ಬೆಲೆ. ನಮ್ಮಲ್ಲಿ ಒಂದು ಕಾಯಿನ್‌ಗೆ ಮೂರು ಬೆಲೆ ಇರುತ್ತೆ. ಪುಸ್ತಕದಲ್ಲಿ ಬರೆದಿರೋದು ಒಂದು, ಡೀಲರ್ ನಮಗೆ ಮಾರೋದು ಒಂದು, ಅದೇ ಡೀಲರ್ ನಮ್ಮಿಂದ ಕೊಳ್ಳೋದು ಒಂದು. ಆ ಮೂರನೇದೇ ನಿಮ್ಮ ಆಸ್ತಿ, ಉಳಿದೆರಡು ಮನಸ್ಸಿನ ಸಮಾಧಾನ. ನಾನು ನೋಡಿದ ಹಾಗೆ ಇಡೀ ಸಂಗ್ರಹವನ್ನ ಒಂದೇ ಸಲ ಅರ್ಜೆಂಟಲ್ಲಿ ಡೀಲರ್ ಮುಂದೆ ಸುರಿದ್ರೆ ಪುಸ್ತಕದ ಬೆಲೆಯ ಅರ್ಧ ಸಿಕ್ರೆ ಪುಣ್ಯ. ಎಫ್‌ಡಿ ಇದ್ದ ಹಾಗೆ ಅನ್ನೋ ಮಾತು ನಿಲ್ಲೋದಿಲ್ಲ. ಎಫ್‌ಡಿ ಬಡ್ಡಿ ಕೊಡುತ್ತೆ, ಬೇಕಾದ ದಿನ ಮುರಿಸ್ಬೋದು. ನಾಣ್ಯ ಬಡ್ಡಿ ಕೊಡಲ್ಲ, ಬೇಕಾದ ದಿನ ಕೊಳ್ಳೋನು ಸಿಗಲ್ಲ, ಕಳ್ಳತನ ಆದ್ರೆ ಮಾಮೂಲಿ ಮನೆ ವಿಮೆಯಲ್ಲಿ ಇದು ಬರುತ್ತೆ ಅಂತ ನಂಬ್ಕೊಂಡು ಕೂರೋ ಹಾಗೂ ಇಲ್ಲ.

ಹಾಗಂತ ಎಲ್ಲಾ ದಂಡ ಅಂತಾನೂ ಅಲ್ಲ. ನಿಮ್ಮ ಪಟ್ಟಿಯಲ್ಲಿ ಬೇರೆ ಬೇರೆ ಜಾತಿಯ ವಸ್ತು ಇವೆ, ಒಂದೊಂದಕ್ಕೂ ಒಂದೊಂದು ಲೆಕ್ಕ.

ಬೆಳ್ಳಿ ರೂಪಾಯಿ ತಗೊಳ್ಳಿ. ಬ್ರಿಟಿಷರ ಕಾಲದ ರೂಪಾಯಿ 11.66 ಗ್ರಾಂ ತೂಕ. 1939ರ ತನಕ ಹೊಡೆದಿದ್ದರಲ್ಲಿ ನೂರಕ್ಕೆ 91.7 ಬೆಳ್ಳಿ, ಅಂದ್ರೆ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ಎರಡನೇ ಮಹಾಯುದ್ಧ ಬಂದು ಬೆಳ್ಳಿ ಸಾಲದೇ 1940ರಿಂದ 1945ರ ತನಕದ್ದಕ್ಕೆ ಅರ್ಧಕ್ಕರ್ಧ ಬೇರೆ ಲೋಹ ಸೇರಿಸಿದ್ರು, ತೂಕ ಅಷ್ಟೇ ಆದ್ರೂ ಬೆಳ್ಳಿ 5.83 ಗ್ರಾಂ ಮಾತ್ರ. 1947ರದ್ದು ಪೂರ್ತಿ ನಿಕಲ್, ಬೆಳ್ಳಿ ಸೊನ್ನೆ. ನೀವು ಕಳಿಸಿದ ಫೋಟೋದಲ್ಲಿ ಎಣಿಸಿದಾಗ 1940ಕ್ಕಿಂತ ಹಿಂದಿನವು 90, ಆಮೇಲಿನವು 50 ಕಾಣ್ತವೆ. ಲೆಕ್ಕ ಸುಲಭ ಆಗ್ಲಿ ಅಂತ ಬೆಳ್ಳಿ ಕೆಜಿಗೆ 1 ಲಕ್ಷ ಅಂದ್ಕೊಳ್ಳೋಣ, ಮೊದಲನೇ ಗುಂಪಿಂದು ಒಂದಕ್ಕೆ 1069 ರೂಪಾಯಿ ಬೆಳ್ಳಿ, ಎರಡನೇದು 583. ಒಟ್ಟು 96,210 ಮತ್ತು 29,150, ಸೇರಿ 1.25 ಲಕ್ಷ. ಇವತ್ತಿನ ರೇಟು ಪೇಪರಲ್ಲಿ ನೋಡಿ ನೀವೇ ಗುಣಿಸಿ. ಅಂಗಡಿಯವನು ಕರಗಿಸೋ ಲೆಕ್ಕದಲ್ಲಿ ಸ್ವಲ್ಪ ಕಡಿತಾನೆ, ಸಂಗ್ರಹಕಾರರಿಗೆ ಕೊಟ್ರೆ ಸಾಮಾನ್ಯ ವರ್ಷದ್ದಕ್ಕೂ ಬೆಳ್ಳಿ ಬೆಲೆಗಿಂತ ಚೂರು ಮೇಲೆ ಸಿಗುತ್ತೆ. ಈ 8 ಲಕ್ಷದಲ್ಲಿ ಕಣ್ಣು ಮುಚ್ಚಿ ನಂಬಬಹುದಾದ ಭಾಗ ಇದೊಂದೇ, ಯಾಕಂದ್ರೆ ಇದಕ್ಕೆ ಬೆಳ್ಳಿ ಪೇಟೆಯ ನೆಲಗಟ್ಟಿದೆ.

ಆದ್ರೆ ಚೀಲಕ್ಕೆ ತುಂಬೋ ಮುಂಚೆ ಒಂದೊಂದನ್ನೂ ತಿರುಗಿಸಿ ನೋಡ್ಬೇಕು. 1862 ಅಂತ ಇರೋ ವಿಕ್ಟೋರಿಯಾ ರಾಣಿ ರೂಪಾಯಿ ಅದೇ ಇಸವಿ ಇಟ್ಕೊಂಡೇ ಎಷ್ಟೋ ವರ್ಷ ಹೊಡೆದಿದ್ದು, ಅದರಲ್ಲಿರೋ ಸಣ್ಣ ಚುಕ್ಕೆಗಳ ಲೆಕ್ಕದ ಮೇಲೆ ಬೆಲೆ ಹೋಗುತ್ತೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿ ಮೇಲಿನ ಆನೆ ಹಂದಿ ಥರ ಕಾಣುತ್ತೆ ಅಂತ ಗಲಾಟೆಯಾಗಿ ವಾಪಸ್ ತಗೊಂಡಿದ್ರು, ಅದನ್ನ ನಾವು ಪಿಗ್ ರುಪೀ ಅಂತೀವಿ, ಅದಕ್ಕೆ ಬೇರೆ ಗಿರಾಕಿ. 1939ರದ್ದು ನಿಜವಾದ್ದಾದ್ರೆ ಅಪರೂಪ, ಆದ್ರೆ ಅಪರೂಪ ಅಂತಾನೇ ಅದರ ನಕಲಿ ಊರೆಲ್ಲಾ ಇದೆ. ಅಂದ ಹಾಗೆ ಇನ್ನೊಂದು ಮಾತು, ನಿಮ್ಮನೆಯವರು "ಡೂಪ್ಲಿಕೇಟ್ ಬೇಕಾದಷ್ಟಿವೆ" ಅಂದ್ರೆ ಗಾಬರಿ ಆಗ್ಬೇಡಿ, ನಮ್ಮ ಭಾಷೇಲಿ ಡೂಪ್ಲಿಕೇಟ್ ಅಂದ್ರೆ ಒಂದೇ ಥರದ್ದು ಎರಡನೇದು ಅಂತ, ನಕಲಿ ಅಂತಲ್ಲ. ನನ್ನ ಹೆಂಡತಿ ಒಂದ್ಸಲ ಇದೇ ಮಾತು ಕೇಳಿಸ್ಕೊಂಡು ಎರಡು ದಿನ ಮಾತು ಬಿಟ್ಟಿದ್ಲು.

ಟಿಪ್ಪು ಕಾಲದ ತಾಮ್ರದ ಆನೆ ಪೈಸೆ ನೋಡೋಕೆ ಚಂದ, ಆದ್ರೆ ಆವಾಗ ಲೆಕ್ಕವಿಲ್ಲದಷ್ಟು ಹೊಡೆದಿದ್ದು, ಸವೆದಿದ್ರೆ ನೂರರ ಲೆಕ್ಕದಲ್ಲೇ ವ್ಯಾಪಾರ. ಯಾವ ಟಂಕಸಾಲೆ (ಪಟ್ಟಣ ಅಂದ್ರೆ ಶ್ರೀರಂಗಪಟ್ಟಣ, ನಗರ ಅಂದ್ರೆ ಬಿದನೂರು, ಹೀಗೆ), ಆನೆ ಯಾವ ಕಡೆ ಮುಖ ಮಾಡಿದೆ, ಅಕ್ಷರ ಪೂರ್ತಿ ಬಿದ್ದಿದೆಯಾ, ಇದರ ಮೇಲೆ ಒಂದೆರಡಕ್ಕೆ ಜಾಸ್ತಿ ಬರಬಹುದು. ಟಿಪ್ಪು ಆಮೇಲೆ ತಂದ ಮೌಲೂದಿ ಅನ್ನೋ ತನ್ನದೇ ವರ್ಷದ ಲೆಕ್ಕದ ಇಸವಿಯನ್ನ ಬಲದಿಂದ ಎಡಕ್ಕೆ ಬರೆಸಿದ್ದ, ಅದು ಗೊತ್ತಿಲ್ಲದೆ ಉಲ್ಟಾ ಅಂಕಿ ನೋಡಿ "ಎರರ್ ಕಾಯಿನ್" (ಅಚ್ಚು ತಪ್ಪಾಗಿ ಬಿದ್ದಿದ್ದು) ಅಂತ ದುಬಾರಿಗೆ ಮಾರೋರೂ ಇದಾರೆ, ಆ 38 ಸಾವಿರದ್ದು ಅಂಥದ್ದಲ್ಲ ತಾನೇ ಅಂತ ಒಮ್ಮೆ ಕೇಳಿ ನೋಡಿ. ವರಹ ಮೂರೂ ನಿಜವಾದ್ದಾದ್ರೆ ಒಂದೊಂದೂ ಸುಮಾರು 3.4 ಗ್ರಾಂ ತೂಗುತ್ತೆ, ಚಿನ್ನದ ಬೆಲೆ ಹೆಂಗೂ ಇದೆ, ಮೇಲೆ ಸಂಗ್ರಹದ ಬೆಲೆ. ಆದ್ರೆ ಚಿನ್ನದಲ್ಲೇ ಹೊಸದಾಗಿ ಅಚ್ಚು ಹಾಕಿದ ನಕಲೂ ಇರೋದ್ರಿಂದ ಅಕ್ಕಸಾಲಿಗರು "ಚಿನ್ನ ಸರಿಯಾಗಿದೆ" ಅಂದಿದ್ದಕ್ಕೆ ವರಹ ನಿಜ ಅಂತ ಅರ್ಥ ಅಲ್ಲ. ಟಂಕಸಾಲೆಯ ಡಬ್ಬಿ ಸೆಟ್ಟುಗಳ ಬಗ್ಗೆ ಜಾಸ್ತಿ ಆಸೆ ಬೇಡ, ಕೊಂಡ ಬೆಲೆ ವಾಪಸ್ ಬಂದ್ರೆ ಖುಷಿ ಪಡಿ.

ಬ್ಯಾಂಕಲ್ಲಿ ಅಡ ಇಡಬಹುದಾ ಅಂದ್ರಲ್ಲ, ಸುಲಭಕ್ಕೆ ಆಗಲ್ಲ. 2025ರ ತನಕ ಚಿನ್ನದ ನಾಣ್ಯದ ಮೇಲೆ ಸಾಲ ಕೊಡ್ತಿದ್ದಿದ್ದೇ ಬ್ಯಾಂಕುಗಳೇ ಮಾರಿದ 22 ಕ್ಯಾರೆಟ್ ಅಥವಾ ಅದಕ್ಕಿಂತ ಮೇಲಿನ ನಾಣ್ಯಕ್ಕೆ, ಅದೂ 50 ಗ್ರಾಂ ಮಿತಿ, ಈಗಿನ ನಿಯಮ ಬ್ಯಾಂಕಲ್ಲೇ ಕೇಳ್ಕೊಳ್ಳಿ. ವಿಜಯನಗರದ ವರಹ ತಗೊಂಡು ಹೋದ್ರೆ ಮ್ಯಾನೇಜರ್ ಕೈಯಲ್ಲಿ ಹಿಡಿದು ನೋಡಿ ಖುಷಿಪಟ್ಟು ವಾಪಸ್ ಕೊಡ್ತಾರೆ ಅಷ್ಟೇ.

ಇನ್ನು ಅವರು ಯಾಕೆ ಹೀಗೆ ಮಾಡ್ತಾರೆ ಅನ್ನೋದು, ಇದು ನಿಮಗೆ ಗೊತ್ತಿರ್ಬೇಕು. ಸೇರಿಸೋರಿಗೆ ಇರೋದು ಕಾಣಲ್ಲ, ಇಲ್ಲದ್ದು ಕಾಣುತ್ತೆ. ಆಲ್ಬಮ್ಮಿನ ಒಂದು ಪುಟದಲ್ಲಿ 20 ಜೇಬಿದ್ದು 19 ತುಂಬಿದ್ರೆ ಆ ಒಂದು ಖಾಲಿ ಜೇಬು ಹಲ್ಲು ಬಿದ್ದ ಜಾಗದ ಥರ, ನಾಲಿಗೆ ಅಲ್ಲಿಗೇ ಹೋಗುತ್ತೆ. ಮುಂಚೆ ಇದಕ್ಕೆ ಸಂತೆಗೋ ಬೆಂಗಳೂರಿನ ಎಕ್ಸಿಬಿಷನ್ನಿಗೋ ಹೋಗ್ಬೇಕಿತ್ತು, ಈಗ ರಾತ್ರಿ ಊಟ ಆದ್ಮೇಲೆ ವಾಟ್ಸಾಪ್ ಗ್ರೂಪಲ್ಲೇ ಹರಾಜು, ಇನ್ನೊಬ್ಬ 100 ಏರಿಸಿದ ಅಂತ ಇವರು 200 ಏರಿಸಿ ಬೆಳಿಗ್ಗೆ ಎದ್ದು ತಲೆ ಕೆರ್ಕೊಳ್ಳೋದು, ನಾನೂ ಕೆರ್ಕೊಂಡಿದೀನಿ. 800, 1200 ಅಂತ ಸಣ್ಣ ಸಣ್ಣದಾಗಿ ಹೋಗೋದ್ರಿಂದ ಖರ್ಚು ಅನ್ಸೋದೇ ಇಲ್ಲ, ತಿಂಗಳಿಗೆ 4,500 ಅಂದ್ರೆ ವರ್ಷಕ್ಕೆ 54 ಸಾವಿರ, ಅಂದ್ರೆ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಅನ್ನೋದು ಬರೆದು ನೋಡಿದ್ರೆ ಮಾತ್ರ ಗೊತ್ತಾಗೋದು. ಮತ್ತೆ ಮನುಷ್ಯನ ನೆನಪು ವಿಚಿತ್ರ, 500ಕ್ಕೆ ತಂದು 5000 ಆಗಿದ್ದು ಯಾವ ದಿನ ಅಂತ ತಾರೀಖು ಸಮೇತ ನೆನಪಿರುತ್ತೆ, 3000 ಕೊಟ್ಟು ನಕಲಿ ತಂದಿದ್ದು ಮರೆತೇ ಹೋಗುತ್ತೆ.

ಸರಿ, ಏನ್ ಮಾಡೋದು. ಎಲ್ಲಾ ಮಾರಿಸಿಬಿಡೋದು ಒಂದು ದಾರಿ, ನಾನು ಬೇಡ ಅಂತೀನಿ. ಬೆಲೆ ಅರ್ಧಕ್ಕೆ ಬೀಳುತ್ತೆ ಅನ್ನೋದು ಒಂದು ಕಾರಣ, 22 ವರ್ಷದ್ದು ಹೆಂಡತಿ ಹಠಕ್ಕೆ ಹೋಯ್ತು ಅನ್ನೋದು ಆ ಮನುಷ್ಯನ ಮನಸ್ಸಲ್ಲಿ ಉಳಿದ್ರೆ ಅದು ಇನ್ನೊಂದು ರೂಪದಲ್ಲಿ ಹೊರಗೆ ಬರುತ್ತೆ, ಆ ದುಡ್ಡೂ ಹೆಚ್ಚಂದ್ರೆ ಮೂರು ವರ್ಷದ ಫೀಸಿಗೆ ಮುಗಿದುಹೋಗುತ್ತೆ. ಏನೂ ಮಾರದೆ ನಾಲ್ಕೂ ವರ್ಷ ಸಾಲ ಮಾಡೋದು ಇನ್ನೊಂದು. ಅದರ ಲೆಕ್ಕ ನೋಡಿ. ಬಡ್ಡಿ ನೂರಕ್ಕೆ 10 ಅಂತ ಇಟ್ಕೊಂಡ್ರೆ 1.35 ಲಕ್ಷಕ್ಕೆ ವರ್ಷಕ್ಕೆ 13,500, ತಿಂಗಳಿಗೆ 1,125. ನಾಲ್ಕನೇ ವರ್ಷಕ್ಕೆ ಸಾಲ 5.4 ಲಕ್ಷ, ಬಡ್ಡಿನೇ ತಿಂಗಳಿಗೆ 4,500. ಅಂದ್ರೆ ನಿಮ್ಮನೆಯವರ ನಾಣ್ಯದ ದುಡ್ಡು ಅಷ್ಟಕ್ಕಷ್ಟೇ ಬಡ್ಡಿಗೆ ಹೋಗುತ್ತೆ, ಅಲ್ಲಿಗೂ ಅವರು ಕೊಳ್ತಾನೇ ಇದ್ರೆ ಆ ಕಾಯಿನ್ನೆಲ್ಲಾ 10 ಪರ್ಸೆಂಟ್ ಸಾಲದ ದುಡ್ಡಲ್ಲೇ ಕೊಂಡ ಹಾಗೆ. ಇದನ್ನ ಅವರಿಗೆ ಬರೆದು ತೋರಿಸಿ, ಬಾಯಲ್ಲಿ ಹೇಳ್ಬೇಡಿ.

ನಾನಾದ್ರೆ ಹೀಗೆ ಮಾಡ್ತೀನಿ. ಮೊದಲು ಬೆಳ್ಳಿ ರೂಪಾಯಿಯಲ್ಲಿ ಸಾಮಾನ್ಯ ವರ್ಷದವು, ಒಂದೇ ಥರದ್ದು ಎರಡು ಮೂರು ಇರೋವು, ಅಷ್ಟನ್ನ ಅವರ ಕೈಯಿಂದ್ಲೇ ಬೇರೆ ಮಾಡಿಸಿ. 140ರಲ್ಲಿ 100 ಆದ್ರೂ ಹಾಗೆ ಸಿಗುತ್ತೆ ಅನ್ನೋದು ನನ್ನ ಅಂದಾಜು. ಅದನ್ನ ಮಾರಿ, ಡಬ್ಬಿ ಸೆಟ್ಟುಗಳನ್ನೂ ಸೇರಿಸಿ, ಬಂದ ದುಡ್ಡು ನೇರ ಬ್ಯಾಂಕಿಗೆ, ಬಳೆ ಬಿಡಿಸೋಕೆ. ಕಮ್ಮಿ ಬಿದ್ರೆ ಆ 38 ಸಾವಿರದ್ದನ್ನ ಕೊಂಡ ಕಡೆಗೇ ವಾಪಸ್ ತಗೋತಾರಾ ಕೇಳ್ಲಿ, ಇನ್ನೂ ಹೊಸದು, ಒಳ್ಳೇ ಡೀಲರ್ ಆದ್ರೆ ಸ್ವಲ್ಪ ಮುರಿದುಕೊಂಡು ತಗೋತಾನೆ. ವರಹ, 1939, ಒಳ್ಳೇ ಟಿಪ್ಪು ಪೀಸು ಇವನ್ನ ಈಗ ಮುಟ್ಟೋದು ಬೇಡ, ಅವಕ್ಕೆ ಹರಾಜೇ ಸರಿ. ಹರಾಜು ಅಂದ್ರೆ ಕೊಟ್ಟು ದುಡ್ಡು ಕೈಗೆ ಬರೋಕೆ ತಿಂಗಳುಗಳೇ ಹಿಡಿಯುತ್ತೆ, ಕಮಿಷನ್ ಎಷ್ಟು, ಮಾರಾಟ ಆಗದಿದ್ರೆ ಏನು ಅನ್ನೋದನ್ನ ಮೊದಲೇ ಬರೆಸ್ಕೋಬೇಕು, ಹಾಗಾಗಿ ಅದು ಅರ್ಜೆಂಟ್ ದುಡ್ಡಿಗಾಗಲ್ಲ. ಇನ್ನೊಂದು, ನಿಮ್ಮತ್ತೆಯವರು ಲಕ್ಷ್ಮೀ ಪೂಜೆಗೆ ಅಂತ ಕೊಟ್ಟ ರಾಣಿ ರೂಪಾಯಿ ಏನಾದ್ರೂ ಈ ರಾಶಿಯಲ್ಲಿ ಸೇರಿಹೋಗಿದ್ರೆ ಮೊದಲೇ ತೆಗೆದು ದೇವರ ಮನೇಲಿಡಿ, ಆಮೇಲೆ ಅದೇ ಒಂದು ಜಗಳ ಆಗೋದು ಬೇಡ.

ಉಳಿದ ಮೂರು ವರ್ಷದ 4.05 ಲಕ್ಷಕ್ಕೆ ಎಜುಕೇಶನ್ ಲೋನ್. 7.5 ಲಕ್ಷದ ತನಕ ಆಸ್ತಿ ಅಡ ಇಲ್ಲದೆ ಕೊಡೋ ವ್ಯವಸ್ಥೆ ಸರ್ಕಾರದ ಗ್ಯಾರಂಟಿ ಸ್ಕೀಮಲ್ಲಿದೆ, ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿ ಮಗಳ ಕಾಲೇಜು ಇದ್ದು ಮನೆ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ರೆ 10 ಲಕ್ಷದ ತನಕದ ಸಾಲಕ್ಕೆ ಬಡ್ಡಿಯಲ್ಲಿ 3 ಪರ್ಸೆಂಟ್ ಸಹಾಯ ಕೂಡ ಇದೆ, ಕೈಗೆ ಬರೋ ಲೆಕ್ಕದಲ್ಲಿ ನಿಮ್ಮ ಆದಾಯ ಅದರೊಳಗೇ ಬರುತ್ತೆ, ಕಾಲೇಜು ಪಟ್ಟಿ ಒಂದು ನೋಡ್ಕೊಳ್ಳಿ. ಓದು ಮುಗಿದು ಒಂದು ವರ್ಷದ ತನಕ ಕಂತು ಶುರುವಾಗಲ್ಲ, ಆದ್ರೆ ಬಡ್ಡಿ ಓಡ್ತಾ ಇರುತ್ತೆ, ಅದನ್ನ ತಿಂಗಳು ತಿಂಗಳು ಕಟ್ಕೊಂಡು ಹೋದ್ರೆ ಮಗಳ ತಲೆ ಮೇಲೆ ಹೊರೆ ಕಮ್ಮಿ. ಕೊನೇ ವರ್ಷದಲ್ಲೂ ಬಡ್ಡಿ 3,375 ದಾಟಲ್ಲ. ಅಂದ್ರೆ 4,500ರಲ್ಲಿ ಬಡ್ಡಿ ಕಳೆದು ಸಾವಿರ ಚಿಲ್ಲರೆ ಅವರ ನಾಣ್ಯಕ್ಕೆ ಉಳಿಯುತ್ತೆ, ಅಷ್ಟು ಅವರದ್ದು, ಅದಕ್ಕೆ ನೀವು ಲೆಕ್ಕ ಕೇಳ್ಬೇಡಿ. ಅದಕ್ಕಿಂತ ದೊಡ್ಡದು ಏನಾದ್ರೂ ಬೇಕಂದ್ರೆ ಆಲ್ಬಮ್ಮಿಂದ ಒಂದು ಮಾರಿ ಇನ್ನೊಂದು ತರ್ಲಿ. ಇದು ಶಿಕ್ಷೆ ಅಂತ ಅನ್ಕೋಬೇಡಿ, ನಾನು 11 ವರ್ಷದಿಂದ ಹೀಗೇ ಮಾಡ್ತಿರೋದು, ಸಂಗ್ರಹ ಸಣ್ಣದಾಗಿದೆ, ಚೆನ್ನಾಗಿದೆ.

ನಿಮ್ಮ ಪತ್ರದಲ್ಲಿ ಟರ್ಮ್ ಇನ್ಶೂರೆನ್ಸ್ (ದುಡಿಯೋರು ಹೋದ್ರೆ ಮನೆಯವರಿಗೆ ದುಡ್ಡು ಬರೋ ವಿಮೆ) ಬಗ್ಗೆ ಒಂದಕ್ಷರ ಇಲ್ಲ. ಇಲ್ಲ ಅಂದ್ರೆ ಆ ಸಾವಿರ ಚಿಲ್ಲರೆಗಿಂತ ಮುಂಚೆ ಅದು. ಯಾಕೆ ಹೇಳ್ತೀನಂದ್ರೆ, ನಮ್ಮ ಬಳಗದಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ರು, ಮೈಸೂರು ಅರಸರ ಕಾಲದ ತಾಮ್ರದ ಕಾಸುಗಳು, ಕನ್ನಡದಲ್ಲಿ "ಮಯಿಲಿ ಕಾಸು" ಅಂತ ಬರೆದಿರೋವು, ಅವರಷ್ಟು ಚೆನ್ನಾಗಿ ಸೇರಿಸಿದ್ದವರನ್ನ ನಾನು ನೋಡಿಲ್ಲ. ದಿಢೀರ್ ಅಂತ ಹೋಗಿಬಿಟ್ರು. ಎಲ್ಲೂ ಒಂದು ಪಟ್ಟಿ ಬರೆದಿಟ್ಟಿರಲಿಲ್ಲ. ನಾವು ವಿಷಯ ತಿಳಿದು ಮನೆಗೆ ಹೋಗೋ ಹೊತ್ತಿಗೆ ಬೆಳ್ಳಿದು ತೂಕಕ್ಕೆ ಹೋಗಿತ್ತು, ತಾಮ್ರದ್ದು ಪಾತ್ರೆ ಅಂಗಡಿಗೆ. ಅವರ ಹೆಂಡತಿ "ಅವರು ಇದನ್ನ ನನಗೆ ಮುಟ್ಟೋಕೇ ಬಿಡ್ತಿರಲಿಲ್ಲ, ಯಾವುದು ಏನು ಅಂತ ನನಗೇನು ಗೊತ್ತಪ್ಪಾ" ಅಂದ್ರು. ಹಾಗಾಗಿ ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಇಬ್ರೂ ಕೂತು ಬರೀರಿ, ಯಾವ ಕಾಯಿನ್, ಯಾವಾಗ, ಎಷ್ಟಕ್ಕೆ, ಇವತ್ತು ಡೀಲರ್ ಎಷ್ಟಕ್ಕೆ ತಗೋಬೋದು. ಅವರು ಹೇಳ್ತಾ ಹೋಗ್ಲಿ, ನೀವು ಬರೀರಿ. ಒಂದು ಭಾನುವಾರ ಸಾಕಾಗಲ್ಲ.

ಆ ಪುಸ್ತಕ ತೆರಿಗೆಗೂ ಬೇಕು. ಮನೆ ಸಾಮಾನು ಮಾರಿದ ಹಾಗೆ ಇದಕ್ಕೆ ತೆರಿಗೆ ಇಲ್ಲ ಅಂತ ಬಹಳ ಜನ ಅಂದ್ಕೊಂಡಿದಾರೆ, ಪೂಜೆಗೆ ಇಟ್ಟಿದ್ದ ಚಿನ್ನ ಬೆಳ್ಳಿ ನಾಣ್ಯವೂ ಸ್ವಂತ ಬಳಕೆ ವಸ್ತು ಅಲ್ಲ ಅಂತ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. 24 ತಿಂಗಳಿಗಿಂತ ಜಾಸ್ತಿ ಇಟ್ಕೊಂಡಿದ್ರೆ ಲಾಭದ ಮೇಲೆ ಈಗ 12.5 ಪರ್ಸೆಂಟ್, ಲಾಭ ಅಂದ್ರೆ ಮಾರಿದ್ದರಲ್ಲಿ ಕೊಂಡಿದ್ದು ಕಳೆದು, ಬಿಲ್ ಇಲ್ಲದಿದ್ರೆ ಕೊಂಡ ಬೆಲೆ ತೋರಿಸೋದು ಕಷ್ಟ. ದುಡ್ಡು ಚೆಕ್ಕಲ್ಲೋ ಯುಪಿಐಲೋ ತಗೊಳ್ಳಿ, ಒಬ್ಬರ ಹತ್ರ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳೋ ಹಾಗೇ ಇಲ್ಲ. 100 ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪ್ರಾಚ್ಯವಸ್ತು, ಇಟ್ಕೊಳ್ಳೋದು ತಪ್ಪಲ್ಲ, ಆದ್ರೆ ಹೊರದೇಶದ ಗಿರಾಕಿಗೆ ಪೋಸ್ಟ್ ಮಾಡೋ ಹಾಗಿಲ್ಲ, ಆನ್‌ಲೈನಲ್ಲಿ ಡಾಲರ್ ಆಸೆ ತೋರಿಸೋರಿಗೆ ಬೀಳ್ಬೇಡಿ. ಹಾಗೇ ಯಾರಾದ್ರೂ "ಹೊಲ ಉಳುವಾಗ ಸಿಕ್ತು ಸರ್" ಅಂತ ವರಹ ತಂದ್ರೆ ಕೈ ಮುಗಿದು ಕಳಿಸಿ, ನೆಲದಲ್ಲಿ ಸಿಕ್ಕಿದ ನಿಧಿ ಜಿಲ್ಲಾಧಿಕಾರಿಗೆ ತಿಳಿಸ್ಬೇಕು ಅನ್ನೋ ಕಾನೂನು 1878ರಿಂದ ಇದೆ, ಕೊಂಡೋರೂ ಸಿಕ್ಕಿಹಾಕ್ಕೋತಾರೆ.

ಮನೆಯವರ ಹತ್ರ ಮಾತು ಹೇಗೆ ತೆಗೆಯೋದು ಅಂದ್ರೆ "ನಿಮ್ಮ ಕಾಯಿನ್ ಮಾರಿ" ಅಂತ ಶುರು ಮಾಡ್ಬೇಡಿ. "ನನ್ನ ಬಳೆ ಯಾವಾಗ ಬಿಡಿಸೋಣ" ಅಂತ ಕೇಳಿ, ಅಷ್ಟೇ. ಯಾವುದನ್ನ ಮಾರ್ಬೇಕು ಅನ್ನೋದು ಅವರೇ ಆರಿಸ್ಲಿ, ಅದು ಅವರಿಗಷ್ಟೇ ಗೊತ್ತಿರೋ ಕೆಲಸ. ಮೂರು ಜನ ಡೀಲರ್ ಹತ್ರ ಬೆಲೆ ಕೇಳೋ ತನಕ ಯಾರಿಗೂ ಕೊಡೋದು ಬೇಡ.

1939ರದ್ದು ನಕಲಿನಾ ಅಂತ ಮುಖದ ಫೋಟೋ ನೋಡಿ ಹೇಳೋಕಾಗಲ್ಲ ಮೇಡಂ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕ ಹಾಕಿಸಿ, 11.66ರ ಹತ್ರ ಇದ್ರೆ ಅಂಚಿನ ಸುತ್ತ ನಾಲ್ಕು ಕಡೆಯಿಂದ ಹಗಲು ಬೆಳಕಲ್ಲಿ ಫೋಟೋ ತೆಗೆದು ಕಳಿಸಿ, 1940ರಿಂದ ಅಂಚಿನ ವಿನ್ಯಾಸ ಬದಲಾಯ್ತು, ಅದರಲ್ಲಿ ಅರ್ಧ ಗೊತ್ತಾಗುತ್ತೆ. ಕಳಿಸೋ ಮುಂಚೆ ಹೊಳೀಲಿ ಅಂತ ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಉಜ್ಜಿದ ಕಾಯಿನ್‌ಗೆ ಬೆಲೆ ಅಲ್ಲೇ ಬಿದ್ದುಹೋಗುತ್ತೆ. ಕಪ್ಪಾಗಿದ್ರೆ ಕಪ್ಪಾಗೇ ಇರ್ಲಿ.